ಬಿದಿರುಕಡ್ಡಿಯ ನಕ್ಷತ್ರ, ಕಾಗದದ ಗುಲಾಬಿ

ಡಿಸೆಂಬರ್ ತಿಂಗಳು ಬಂತೆಂದರೆ ನಮ್ಮ ಪಟ್ಟಣಗಳ ಫ್ಯಾನ್ಸಿ ಅಂಗಡಿಗಳ ಮುಂದೆ ಪ್ಲಾಸ್ಟಿಕ್ಕಿನ ಹಸಿರು ಗಿಡಗಳು, ಕೆಂಪು ಮತ್ತು ಹೊನ್ನಿನ ಬಣ್ಣದ ಗೋಲಗಳು, ಬ್ಯಾಟರಿ ಹಾಕಿದ ನಕ್ಷತ್ರಗಳು ತೂಗಾಡತೊಡಗುತ್ತವೆ. ಅವನ್ನು ನೋಡಿದವರಿಗೆ ಕ್ರಿಸ್‌ಮಸ್ ಎಂಬುದು ದುಡ್ಡಿದ್ದವರ, ನಗರದವರ, ಹೊರದೇಶದವರ ಹಬ್ಬ ಎನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ಈ ಅಲಂಕಾರಗಳ ಚರಿತ್ರೆಯನ್ನು ಸ್ವಲ್ಪ ಕೆದಕಿದರೆ ಸಿಗುವ ಸಂಗತಿಯೇ ಬೇರೆ. ಹಣ್ಣು, ಹುಲ್ಲು, ಹರಿದ ಬಟ್ಟೆ, ಹಳೆಯ ಕಾಗದ, ಗಂಜಿಯ ಅಂಟು, ಬಿದಿರಿನ ಕಡ್ಡಿ ಇವೇ ಅವುಗಳ ಮೂಲದ್ರವ್ಯ. ಮನೆಯಲ್ಲಿ ಇದ್ದದ್ದನ್ನು ಕೂಡಿಸಿ ಬಡವರು ಮಾಡಿಕೊಂಡ ಸಿಂಗಾರ ಅದು. ಅಷ್ಟೇ ಅಲ್ಲ, ಆ ಸಿಂಗಾರಕ್ಕೆ ಬೇಕಾದ ಕಾಗದ ಮತ್ತು ಕಸುಬು ನಮ್ಮವರೆಗೆ ಬರುವಾಗ ಹಲವು ಧರ್ಮಗಳವರ ಕೈ ದಾಟಿ ಬಂದಿವೆ. ಹಬ್ಬಗಳಿಗೆ ಬೇಲಿ ಹಾಕುವ ಮಾತು ಕೇಳಿಬರುತ್ತಿರುವ ಈ ದಿನಗಳಲ್ಲಿ ಆ ಚರಿತ್ರೆಯನ್ನು ನೆನೆಯುವುದು ಅಗತ್ಯವೆನ್ನಿಸುತ್ತದೆ.

ಗೌರಸಮುದ್ರದ ಈರುಳ್ಳಿ

ಮಾತನ್ನು ನಮ್ಮದೇ ಬಯಲುಸೀಮೆಯಿಂದ ಆರಂಭಿಸೋಣ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲೊಂದು. ಆಂಧ್ರದ ಗಡಿಗೆ ತಾಗಿಕೊಂಡಿರುವ ಈ ನೆಲದಲ್ಲಿ ಶೇಂಗಾ ಮತ್ತು ಈರುಳ್ಳಿ ಬೆಳೆ, ಕುರಿ ಸಾಕಣೆ, ಕಂಬಳಿ ನೇಯ್ಗೆ ಜನರ ಆಸರೆ. ಇದೇ ತಾಲ್ಲೂಕಿನ ಗೌರಸಮುದ್ರದಲ್ಲಿ ಭಾದ್ರಪದ ಮಾಸದಲ್ಲಿ ಮಾರಮ್ಮನ ಜಾತ್ರೆ ನೆರೆಯುತ್ತದೆ. ಗಡಿಯ ಎರಡೂ ಕಡೆಯಿಂದ ಕನ್ನಡ, ತೆಲುಗು ಮಾತಾಡುವ ಜನ ಗಾಡಿ ಕಟ್ಟಿಕೊಂಡು, ಟ್ರ್ಯಾಕ್ಟರ್ ಹತ್ತಿಕೊಂಡು ಬರುತ್ತಾರೆ. ಅಲ್ಲಿ ಹರಕೆಯವರು ದೇವಿಯತ್ತ ತೂರುವುದು ಈರುಳ್ಳಿಯನ್ನು, ಕೋಳಿಮರಿಯನ್ನು. ಸಿಂಗಾರಕ್ಕೆ ಬೇವಿನ ಸೊಪ್ಪು. ಹೊಲದಲ್ಲಿ ಬೆಳೆದದ್ದು, ಹಿತ್ತಲಲ್ಲಿ ಓಡಾಡಿಕೊಂಡಿದ್ದದ್ದು, ಬೇಲಿಯ ಬದಿಯ ಮರದಲ್ಲಿ ಚಿಗುರಿದ್ದು ಇಷ್ಟೇ ಅಲ್ಲಿನ ಕಾಣಿಕೆ ಮತ್ತು ಅಲಂಕಾರ.

ಇದೇ ಚಳ್ಳಕೆರೆ ತಾಲ್ಲೂಕಿನಲ್ಲಿ ಕಾಡುಗೊಲ್ಲರು ತಮ್ಮ ಕ್ಯಾತಪ್ಪ ದೇವರಿಗೆ ಮುಳ್ಳಿನ ಗುಡಿ ಕಟ್ಟುತ್ತಾರೆ. ಕುರುಚಲು ಕಾಡಿನಿಂದ ಬಾರೆ ಮುಳ್ಳಿನ ಕೊಂಬೆಗಳನ್ನು ಕಡಿದು ತಂದು ಒಟ್ಟಿ, ಮೇಲೆ ಕಳಶ ಇಟ್ಟು, ಜಾತ್ರೆಯ ದಿನ ಬರಿಗಾಲಿನಲ್ಲಿ ಆ ಮುಳ್ಳನ್ನು ಹತ್ತಿ ಕಳಶ ಇಳಿಸುತ್ತಾರೆ. ಕಲ್ಲಿನ ಗುಡಿ ಕಟ್ಟಲು ದುಡ್ಡು ಬೇಕು. ಮುಳ್ಳಿನ ಗುಡಿಗೆ ಕುಡುಗೋಲು ಮತ್ತು ಹತ್ತಾರು ಜನರ ಕೈ ಇದ್ದರೆ ಸಾಕು. ಜಿಲ್ಲೆಯ ಲಂಬಾಣಿ ತಾಂಡಾಗಳಲ್ಲಿ ತೀಜ್ ಹಬ್ಬಕ್ಕೆ ಮದುವೆಯಾಗದ ಹೆಣ್ಣುಮಕ್ಕಳು ಪುಟ್ಟ ಬುಟ್ಟಿಗಳಲ್ಲಿ ಮಣ್ಣು ತುಂಬಿ ಗೋಧಿ ಬಿತ್ತುತ್ತಾರೆ. ದಿನವೂ ನೀರೆರೆದು, ಸುತ್ತ ನಿಂತು ಹಾಡಿ, ಕೊನೆಗೆ ಆ ಎಳೆಯ ಸಸಿಯನ್ನೇ ಮುಡಿಗೆ, ಪೇಟಕ್ಕೆ ಸಿಕ್ಕಿಸುತ್ತಾರೆ. ಹಿಡಿ ಗೋಧಿ, ಹಿಡಿ ಮಣ್ಣಿನಲ್ಲಿ ಒಂದು ಹಬ್ಬ ಮುಗಿಯುತ್ತದೆ.

ಈ ಮೂರೂ ಉದಾಹರಣೆಗಳಿಗೂ ಕ್ರಿಸ್‌ಮಸ್ಸಿಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧ ಇರುವುದು ಕ್ರಮದಲ್ಲಿ. ಎಲ್ಲ ಊರಿನ ಬಡವರೂ ಹಬ್ಬವನ್ನು ಮಾಡಿಕೊಂಡದ್ದು ಹೀಗೆಯೇ.

ಸೇಬು ಗಾಜಾದ ಕತೆ

ಕ್ರಿಸ್‌ಮಸ್ ಮರದ ಬಗ್ಗೆ ಸಿಗುವ ಹಳೆಯ ದಾಖಲೆಗಳಲ್ಲಿ ಒಂದು 1605ರದು. ಈಗ ಫ್ರಾನ್ಸಿನಲ್ಲಿರುವ ಸ್ಟ್ರಾಸ್‌ಬರ್ಗ್ ಆಗ ಜರ್ಮನ್ ಮಾತಾಡುವ ಪಟ್ಟಣ. ಅಲ್ಲಿನ ಜನ ಫರ್ ಮರವನ್ನು ನಡುಮನೆಯಲ್ಲಿ ನಿಲ್ಲಿಸಿ ಅದಕ್ಕೆ ಬಣ್ಣಬಣ್ಣದ ಕಾಗದದಿಂದ ಕತ್ತರಿಸಿದ ಗುಲಾಬಿ, ಸೇಬು, ತೆಳ್ಳನೆಯ ಹಪ್ಪಳದಂಥ ರೊಟ್ಟಿ, ಬೇಗಡೆ, ಸಕ್ಕರೆ ಮಿಠಾಯಿ ತೂಗುಹಾಕುತ್ತಿದ್ದರೆಂದು ಆ ಬರಹ ಹೇಳುತ್ತದೆ. ಅಡುಗೆಮನೆಯಲ್ಲಿ ಇರುವ ಪದಾರ್ಥಗಳೇ ಹೆಚ್ಚು. ಹಬ್ಬ ಮುಗಿದ ಮೇಲೆ ಮಕ್ಕಳು ಕಿತ್ತು ತಿನ್ನಬಹುದಾದ ಅಲಂಕಾರ.

ಇಂದು ಮರಕ್ಕೆ ಕಟ್ಟುವ ಹೊಳೆಯುವ ಗೋಲ ಆ ಸೇಬಿನ ಪ್ರತಿರೂಪ. ಜರ್ಮನಿಯ ಥುರಿಂಗಿಯಾ ಗುಡ್ಡಗಾಡಿನ ಲೌಶಾ ಎಂಬ ಹಳ್ಳಿ ಗಾಜು ಊದುವವರ ಊರು. ಸೇಬು, ಬಾದಾಮಿ ಕೊಳ್ಳಲು ಗತಿಯಿಲ್ಲದ ಒಬ್ಬ ಗಾಜಿನ ಕೆಲಸಗಾರ ತನ್ನ ಮಕ್ಕಳ ಮರಕ್ಕೆ ಗಾಜಿನಲ್ಲೇ ಹಣ್ಣು ಊದಿದನೆಂದು ಅಲ್ಲಿನವರು ಕತೆ ಹೇಳುತ್ತಾರೆ. ಕತೆ ಏನೇ ಇರಲಿ, 1848ರ ಹೊತ್ತಿಗೆ ಅಲ್ಲಿನ ಒಂದು ಲೆಕ್ಕದ ಪುಸ್ತಕದಲ್ಲಿ ಆರು ಡಜನ್ ಗಾಜಿನ ಗೋಲಗಳ ಬೇಡಿಕೆ ದಾಖಲಾಗಿದೆ. ಅದೇ ವರ್ಷ ವಿಕ್ಟೋರಿಯಾ ರಾಣಿಯ ಕುಟುಂಬ ಮರದ ಸುತ್ತ ನಿಂತ ಚಿತ್ರ ಲಂಡನ್ನಿನ ಸಚಿತ್ರ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಅಲ್ಲಿಂದ ಮರವೂ ಗೋಲವೂ ಫ್ಯಾಶನ್ ಆದವು. 1880ರ ಹೊತ್ತಿಗೆ ಅಮೆರಿಕದ ವ್ಯಾಪಾರಿ ವುಲ್‌ವರ್ತ್ ಲೌಶಾದ ಗೋಲಗಳನ್ನು ಮಾರತೊಡಗಿದ. ಲೌಶಾದ ಮನೆಗಳಲ್ಲಿ ಗಂಡಸು ಗಾಜು ಊದಿದರೆ ಹೆಂಗಸರು, ಮಕ್ಕಳು ಬೆಳ್ಳಿನೀರು ಸುರಿದು ಬಣ್ಣ ಬಳಿಯುತ್ತಿದ್ದರು. ಹೀಗೆ ತಿನ್ನುವ ಸೇಬು ಮೊದಲು ಗಾಜಾಯಿತು, ನಂತರ ಪ್ಲಾಸ್ಟಿಕ್ಕಾಯಿತು. ಇಂದು ಜಗತ್ತಿನ ಕ್ರಿಸ್‌ಮಸ್ ಅಲಂಕಾರದ ಬಹುದೊಡ್ಡ ಪಾಲು ಚೀನಾದ ಯೀವು ನಗರದ ಸುತ್ತಲಿನ ಕಾರ್ಖಾನೆಗಳಿಂದ ಬರುತ್ತದೆ. ನಮ್ಮ ಅಂಗಡಿಯ ಮುಂದೆ ತೂಗಾಡುವ ಸರಕಿನ ಚರಿತ್ರೆ ಇದು. ಇದಕ್ಕೆ ಎರಡು ಶತಮಾನ ಕೂಡ ಆಗಿಲ್ಲ.

ಕಾಗದ ನಡೆದು ಬಂದ ದಾರಿ

ಸ್ಟ್ರಾಸ್‌ಬರ್ಗಿನ ಆ ಕಾಗದದ ಗುಲಾಬಿಯ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಯುರೋಪಿಗೆ ಕಾಗದ ಎಲ್ಲಿಂದ ಬಂತು? ಚೀನಾದಲ್ಲಿ ಹುಟ್ಟಿದ ಈ ವಿದ್ಯೆ 8ನೇ ಶತಮಾನದಲ್ಲಿ ಸಮರ್ಕಂದದ ಮುಸ್ಲಿಂ ಕುಶಲಕರ್ಮಿಗಳ ಕೈಗೆ ಬಂತು. ಆ ಶತಮಾನ ಮುಗಿಯುವುದರೊಳಗೆ ಬಾಗ್ದಾದಿನಲ್ಲಿ ಕಾಗದದ ಕಾರ್ಖಾನೆ ಎದ್ದಿತು. ಅಲ್ಲಿಂದ ಸಿರಿಯಾ, ಈಜಿಪ್ಟ್, ಮೊರಾಕ್ಕೊ ದಾಟಿ 12ನೇ ಶತಮಾನದಲ್ಲಿ ಸ್ಪೇನಿನ ಶಾತಿಬಾ ಊರು ಕಾಗದಕ್ಕೆ ಹೆಸರಾಯಿತು. 13ನೇ ಶತಮಾನದಲ್ಲಿ ಇಟಲಿಯ ಫಾಬ್ರಿಯಾನೊ, 1390ರಲ್ಲಿ ಜರ್ಮನಿಯ ನ್ಯೂರೆಂಬರ್ಗ್ ಕಾಗದ ಮಾಡತೊಡಗಿದವು. ಎಲ್ಲೆಡೆಯೂ ಕಚ್ಚಾ ಸಾಮಗ್ರಿ ಒಂದೇ: ಉಟ್ಟು ಹರಿದ ಬಟ್ಟೆಯ ಚಿಂದಿ. ಬಡವರ ಚಿಂದಿಯನ್ನು ಕೊಳೆಸಿ, ಕುಟ್ಟಿ, ಅರಬರಿಂದ ಕಲಿತ ವಿದ್ಯೆಯಲ್ಲಿ ಹಾಳೆ ಮಾಡಿ, ಅದನ್ನು ಗುಲಾಬಿಯಾಗಿ ಕತ್ತರಿಸಿ ಕ್ರೈಸ್ತರು ಮರಕ್ಕೆ ಕಟ್ಟಿದರು.

ನಮ್ಮ ಮಾತಿನಲ್ಲೂ ಈ ದಾರಿಯ ಗುರುತು ಉಳಿದಿದೆ. ಕನ್ನಡದ 'ಕಾಗದ' ಪಾರ್ಸಿಯ 'ಕಾಗಜ್' ಜೊತೆ ಹೊಕ್ಕಳ ಸಂಬಂಧ ಇರುವ ಪದ. ದಖ್ಖನ್ನಿನಲ್ಲಿ, ರಾಜಸ್ತಾನದಲ್ಲಿ ಕಾಗದ ಮಾಡುವ ಮುಸ್ಲಿಂ ಕುಟುಂಬಗಳಿಗೆ ಕಾಗಜಿ ಎಂದೇ ಹೆಸರು. ದೌಲತಾಬಾದಿನ ಬಳಿ ಕಾಗಜಿಪುರ ಎಂಬ ಊರೇ ಇದೆ. ನಾವು ಅಂಗಡಿಗೆ ಹೋಗಿ ಒಂದು 'ರೀಮು' ಕಾಗದ ಕೊಡಿ ಎನ್ನುತ್ತೇವಲ್ಲ, ಆ ಇಂಗ್ಲಿಷ್ ಪದ ಅರಬ್ಬಿಯ 'ರಿಜ್ಮಾ', ಅಂದರೆ ಕಟ್ಟು ಎಂಬುದರಿಂದ ಹುಟ್ಟಿದ್ದು. ಇದಕ್ಕೆ ಉಲ್ಟಾ ದಿಕ್ಕಿನಲ್ಲಿ ಬಂದ ಪದವೂ ಇದೆ. ಲ್ಯಾಟಿನ್ನಿನ 'ಕಾಂದೇಲಾ' ಗ್ರೀಕರ ಮೂಲಕ ಅರಬ್ಬಿಗೆ ಹೋಗಿ 'ಕಿಂದೀಲ್' ಆಯಿತು, ಉರ್ದುವಿನಲ್ಲಿ 'ಕಂದೀಲ್' ಆಯಿತು, ನಮ್ಮ ಹಳ್ಳಿಗಳಿಗೆ ಬಂದು 'ಕಂದೀಲು' ಆಯಿತು. ಚರ್ಚಿನ ಕ್ಯಾಂಡಲ್, ದರ್ಗಾದ ಕಂದೀಲ್, ದನದ ಕೊಟ್ಟಿಗೆಯ ಕಂದೀಲು ಒಂದೇ ತಾಯಿಯ ಮಕ್ಕಳು.

ಗೋದಲಿಯ ರಾಗಿಪೈರು

ಕ್ರಿಸ್‌ಮಸ್ಸಿನ ಇನ್ನೊಂದು ಅಲಂಕಾರ ಗೋದಲಿ. 1223ರಲ್ಲಿ ಇಟಲಿಯ ಗ್ರೆಚ್ಚೋ ಎಂಬ ಹಳ್ಳಿಯಲ್ಲಿ ಸಂತ ಫ್ರಾನ್ಸಿಸ್ ನಿಜವಾದ ಎತ್ತು, ಕತ್ತೆ, ಹುಲ್ಲು ತುಂಬಿದ ಗೋದಲಿಯನ್ನು ಇಟ್ಟು ಏಸುವಿನ ಜನನವನ್ನು ಸ್ಮರಿಸಿದರು. ಬಡತನವನ್ನೇ ವ್ರತವಾಗಿ ಹಿಡಿದ ಆ ಸಂತನ ಉದ್ದೇಶ ಸರಳವಾಗಿತ್ತು: ಹುಟ್ಟಿದ ಮಗುವಿಗೆ ತೊಟ್ಟಿಲು ಕೂಡ ಇರಲಿಲ್ಲವೆಂಬುದು ಜನರ ಕಣ್ಣಿಗೆ ಕಾಣಬೇಕು. ಗೋದಲಿಯಲ್ಲಿ ಚಿನ್ನ, ರೇಷ್ಮೆ ಬಳಸಿದರೆ ಕತೆಯ ಅರ್ಥವೇ ಕೆಡುತ್ತದೆ. ಆದ್ದರಿಂದಲೇ ಮಂಗಳೂರು, ಮೈಸೂರು, ಬೆಂಗಳೂರುಗಳ ಕ್ರೈಸ್ತ ಮನೆಗಳಲ್ಲಿ ಗೋದಲಿಯನ್ನು ಹುಲ್ಲು, ಮಣ್ಣು, ಕಲ್ಲು, ಗೋಣಿಚೀಲದಿಂದ ಕಟ್ಟುವ ರೂಢಿ ಉಳಿದುಕೊಂಡಿದೆ. ಗೋಣಿಗೆ ಮಣ್ಣಿನ ರಾಡಿ ಬಳಿದು ಮಡಿಸಿ ನಿಲ್ಲಿಸಿದರೆ ಅದೇ ಬೆಟ್ಟ. ಒಡೆದ ಕನ್ನಡಿಯ ತುಂಡು ಮಲಗಿಸಿದರೆ ಅದೇ ಕೆರೆ. ಹಬ್ಬಕ್ಕೆ ವಾರ ಹತ್ತು ದಿನ ಮೊದಲೇ ತಟ್ಟೆಯಲ್ಲೋ ತೆಂಗಿನ ಚಿಪ್ಪಿನಲ್ಲೋ ರಾಗಿ ಅಥವಾ ಭತ್ತ ಬಿತ್ತಿ ಮೊಳಕೆ ಬರಿಸಿದರೆ ಅದೇ ಕುರುಬರ ಹುಲ್ಲುಗಾವಲು.

ಈ ರಾಗಿಪೈರಿನ ಉಪಾಯ ಹಳೆ ಮೈಸೂರಿನ ಓದುಗರಿಗೆ ಹೊಸದಲ್ಲ. ದಸರಾ ಬೊಂಬೆ ಹಬ್ಬದಲ್ಲಿ ಬೊಂಬೆಗಳ ಮುಂದೆ ತೋಟ ಮಾಡಲು ರಾಗಿ, ಸಾಸಿವೆ ಮೊಳಕೆ ಬರಿಸುವುದು ಅಲ್ಲಿನ ಮನೆಗಳ ಪದ್ಧತಿ. ಅಕ್ಟೋಬರ್‌ನಲ್ಲಿ ಒಂದು ಮನೆಯ ಬೊಂಬೆಗೆ ತೋಟವಾದ ಪೈರು ಡಿಸೆಂಬರ್‌ನಲ್ಲಿ ಇನ್ನೊಂದು ಮನೆಯ ಗೋದಲಿಗೆ ಹುಲ್ಲಾಗುತ್ತದೆ. ಲಂಬಾಣಿ ಹುಡುಗಿಯರ ತೀಜ್ ಬುಟ್ಟಿಯ ಗೋಧಿಯೂ ಇದರದೇ ನೆಂಟ. ಇದನ್ನು ಯಾರಿಂದ ಯಾರು ಕಲಿತರು ಎಂದು ಲೆಕ್ಕ ಹಾಕುವ ಅಗತ್ಯವಿಲ್ಲ. ಕಾಳು ಇದ್ದಲ್ಲಿ, ಮಣ್ಣು ಇದ್ದಲ್ಲಿ ಜನರಿಗೆ ಇದು ಹೊಳೆದಿದೆ.

ಐದು ಕಡ್ಡಿಯ ಲೆಕ್ಕ

ಕಾಗದದ ನಕ್ಷತ್ರಕ್ಕೂ ಹೀಗೆ ಒಂದು ಚರಿತ್ರೆ ಇದೆ. 1830ರ ದಶಕದಲ್ಲಿ ಜರ್ಮನಿಯ ನೀಸ್ಕಿ ಎಂಬಲ್ಲಿ ಮೊರಾವಿಯನ್ ಪಂಥದವರ ಶಾಲೆಯೊಂದರಲ್ಲಿ ಜ್ಯಾಮಿತಿ ಪಾಠಕ್ಕೆಂದು ಕಾಗದದ ಬಹುಮುಖ ನಕ್ಷತ್ರ ಮಾಡಿಸಿದರು. ತಂದೆ ತಾಯಿ ಮಿಶನರಿ ಕೆಲಸಕ್ಕೆ ದೂರದೇಶಕ್ಕೆ ಹೋಗಿದ್ದರಿಂದ ಹಾಸ್ಟೆಲಿನಲ್ಲಿ ಬೆಳೆಯುತ್ತಿದ್ದ ಮಕ್ಕಳು ಆ ಪಂಥದವರ ಶಾಲೆಗಳಲ್ಲಿ ಬಹಳ ಮಂದಿ ಇದ್ದರು. ಆ ನಕ್ಷತ್ರ ಮನೆಮನೆಗೆ ಹರಡಿ, 1897ರಲ್ಲಿ ಹೆರ್ನ್‌ಹೂಟ್ ಊರಿನಲ್ಲಿ ಅದಕ್ಕೊಂದು ಕಾರ್ಖಾನೆಯೇ ಆಯಿತು. ಮಕ್ಕಳು ನಕ್ಷತ್ರ ಅಂಟಿಸುತ್ತಿದ್ದ ಅದೇ ದಶಕದಲ್ಲಿ, 1834ರಲ್ಲಿ, ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದಿಳಿದರು. 1841ರಲ್ಲಿ ಅವರು ಅಲ್ಲಿ ಅಚ್ಚುಕೂಟ ತೆರೆದರು, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಟಿತು. ಕಾಗದ ಊರೊಳಗೆ ಬಂದದ್ದೇ ಓದುವುದಕ್ಕೂ, ಓದಿ ಮುಗಿದ ಮೇಲೆ ಕತ್ತರಿಸಿ ಅಂಟಿಸುವುದಕ್ಕೂ ಅನುಕೂಲವಾಯಿತು.

ನಮ್ಮ ಕಡೆಯ ನಕ್ಷತ್ರ ಮಾತ್ರ ಬಿದಿರಿನದು. ಅದನ್ನು ಮಾಡುವ ಬಗೆ ಗೊತ್ತಿಲ್ಲದವರಿಗಾಗಿ ಇಲ್ಲಿ ಹೇಳುತ್ತೇನೆ. ಒಂದೇ ಅಳತೆಯ ಹತ್ತು ಬಿದಿರು ಕಡ್ಡಿಗಳನ್ನು ಸೀಳಿ ನಯ ಮಾಡಿಕೊಳ್ಳಬೇಕು. ಐದು ಕಡ್ಡಿಗಳನ್ನು ಒಂದರ ಮೇಲೊಂದು ಹಾಯಿಸಿ, ತುದಿಗಳನ್ನು ದಾರದಿಂದ ಬಿಗಿದರೆ ಐದು ಮೂಲೆಯ ಒಂದು ಚೌಕಟ್ಟು. ಉಳಿದ ಐದರಿಂದ ಅಂಥದೇ ಇನ್ನೊಂದು. ಎರಡನ್ನೂ ಒಂದರ ಮೇಲೊಂದಿಟ್ಟು ಐದೂ ಮೂಲೆಗಳನ್ನು ಜೋಡಿಸಿ ಕಟ್ಟಬೇಕು. ಒಳಗಡೆ ಕಡ್ಡಿಗಳು ಹಾಯುವ ಐದು ಜಾಗಗಳಲ್ಲಿ ನಾಲ್ಕು ಬೆರಳಿನಷ್ಟು ಉದ್ದದ ಚಿಕ್ಕ ಕಡ್ಡಿಗಳನ್ನು ನಡುವೆ ಸಿಕ್ಕಿಸಿದರೆ ನಕ್ಷತ್ರ ಹೊಟ್ಟೆ ಉಬ್ಬಿಸಿಕೊಂಡು ನಿಲ್ಲುತ್ತದೆ. ಮೈದಾ ಹಿಟ್ಟನ್ನು ನೀರಿನಲ್ಲಿ ಕದಡಿ ಸಣ್ಣ ಉರಿಯಲ್ಲಿ ಕುದಿಸಿದರೆ ಅಂಟು. ಪುಸ್ತಕಕ್ಕೆ ರಟ್ಟು ಕಟ್ಟುವವರು ಹುಳು ಹತ್ತದಿರಲೆಂದು ಅದಕ್ಕೆ ಚಿಟಿಕೆ ಮೈಲುತುತ್ತ ಹಾಕುತ್ತಾರೆ. ಅದು ವಿಷವಾದ್ದರಿಂದ ಮಕ್ಕಳ ಕೈಗೆ ಕೊಡಬಾರದು, ನಾಲ್ಕು ದಿನದ ನಕ್ಷತ್ರಕ್ಕೆ ಅದು ಬೇಕಾಗಿಯೂ ಇಲ್ಲ. ಮೇಲೆ ತೆಳು ಕಾಗದ ಅಂಟಿಸಿ, ಬಲ್ಬು ಇಳಿಬಿಡಲು ಒಂದು ಕಡೆ ಬಾಯಿ ಬಿಟ್ಟರೆ ಕೆಲಸ ಮುಗಿಯಿತು. ಫಿಲಿಪೀನ್ಸ್ ದೇಶದ ಬಡವರೂ ಬಿದಿರು ಮತ್ತು ತೆಳು ಕಾಗದದಿಂದ ಇಂಥದೇ ನಕ್ಷತ್ರ ಮಾಡುತ್ತಾರೆ. ಅದಕ್ಕೆ ಅವರು 'ಪರೋಲ್' ಎನ್ನುತ್ತಾರೆ.

ಇದೇ ಬಿದಿರು, ಇದೇ ಕಾಗದ, ಇದೇ ಅಂಟಿನಿಂದ ತುಳುನಾಡಿನಲ್ಲಿ ದೀಪಾವಳಿಯ ಗೂಡುದೀಪ ಆಗುತ್ತದೆ. ಮಧ್ಯ ಮತ್ತು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಮ್ಮಿನ ತಾಬೂತು ಆಗುತ್ತದೆ. ಮುಸ್ಲಿಮರ ಮನೆಯೇ ಇಲ್ಲದ ಊರುಗಳಲ್ಲಿ ಕೂಡ ಅಲಾಯಿ ದೇವರನ್ನು ಕೂರಿಸಿ, ಬಣ್ಣದ ಕಾಗದ ಕತ್ತರಿಸಿ ಡೋಲಿ ಕಟ್ಟುವ ಹಿಂದೂ ಬಂಧುಗಳಿದ್ದಾರೆ. ಭಾರತದಿಂದ ಕಬ್ಬಿನ ತೋಟಗಳಿಗೆ ಕೂಲಿಗಳಾಗಿ ಹೋದವರು ಟ್ರಿನಿಡಾಡ್ ದ್ವೀಪಕ್ಕೂ ಈ ಕಲೆಯನ್ನು ಒಯ್ದರು. ಅಲ್ಲಿ ಅದಕ್ಕೆ 'ಹೊಸೇ' ಎಂದು ಹೆಸರು, ಅಂದರೆ ಹುಸೇನ್. ಉರ್ದು ಶಾಲೆಯಲ್ಲಿ ಕಲಿತ ನಮಗೆ ಮೀಲಾದಿನ ಹಸಿರು ಪತಾಕೆ ಅಂಟಿಸಲು, ಗಾಳಿಪಟ ಮಾಡಲು ಬಳಸಿದ ಅಂಟೂ ಇದೇ ಆಗಿತ್ತು. ಕೈಗೆ ಒಮ್ಮೆ ಕಲಿತ ಕೆಲಸವನ್ನು ಯಾವ ಹಬ್ಬಕ್ಕೂ ಬಳಸಬಹುದು.

ಕಾಶ್ಮೀರದ ಕಲಮ್‌ದಾನಿ

ಇದಕ್ಕೆ ಅತಿ ದೊಡ್ಡ ಸಾಕ್ಷಿ ಕಾಶ್ಮೀರದಲ್ಲಿದೆ. 15ನೇ ಶತಮಾನದಲ್ಲಿ ಆಳಿದ ಸುಲ್ತಾನ್ ಜೈನುಲ್ ಆಬಿದೀನ್ ಸಮರ್ಕಂದದಿಂದ ಕಾಗದ ಮಾಡುವವರನ್ನು, ಪುಸ್ತಕ ಕಟ್ಟುವವರನ್ನು ಶ್ರೀನಗರಕ್ಕೆ ಕರೆಸಿದ. ಅಲ್ಲಿ ಬೆಳೆದ ಪೇಪರ್ ಮಾಷೆ ಕಲೆಗೆ ಹಳೆಯ ಹೆಸರು ಕಾರ್-ಎ-ಕಲಮ್‌ದಾನಿ, ಅಂದರೆ ಲೇಖನಿ ಪೆಟ್ಟಿಗೆಯ ಕೆಲಸ. ರದ್ದಿ ಕಾಗದವನ್ನು ದಿನಗಟ್ಟಲೆ ನೀರಿನಲ್ಲಿ ನೆನೆಸಿ, ಹಳೆ ಬಟ್ಟೆ, ಭತ್ತದ ಹುಲ್ಲು, ಮೈಲುತುತ್ತ ಸೇರಿಸಿ ಕಲ್ಲಿನ ಒರಳಿನಲ್ಲಿ ಕುಟ್ಟುತ್ತಾರೆ. ಅಕ್ಕಿಯ ಅಂಟು ಬೆರೆಸಿ ಅಚ್ಚಿನ ಮೇಲೆ ಬಳಿದು ಒಣಗಿಸುತ್ತಾರೆ. ಈ ಭಾಗಕ್ಕೆ ಸಖ್ತ್‌ಸಾಜಿ ಎಂದು ಹೆಸರು. ಆಮೇಲೆ ನಕ್ಕಾಶಿ, ಅಂದರೆ ಕುಂಚದ ಕೆಲಸ. ಈ ಕಸುಬಿನವರಲ್ಲಿ ಬಹುಪಾಲು ಶ್ರೀನಗರದ ಶಿಯಾ ಮುಸ್ಲಿಮರು. ಇಂದು ಅವರ ಕೈಯಲ್ಲಿ ಲೇಖನಿ ಪೆಟ್ಟಿಗೆಗಿಂತ ಹೆಚ್ಚಾಗಿ ತಯಾರಾಗುವ ಸರಕುಗಳಲ್ಲಿ ಕ್ರಿಸ್‌ಮಸ್ ಮರದ ಗೋಲ, ಗಂಟೆ, ನಕ್ಷತ್ರಗಳೂ ಸೇರಿವೆ. ಯುರೋಪು, ಅಮೆರಿಕಗಳ ಮರಗಳಿಗೆ ಅವು ಹೋಗುತ್ತವೆ. ಚಿಂದಿ ಮತ್ತು ರದ್ದಿಯಿಂದ ಹುಟ್ಟಿದ ಅಲಂಕಾರ ಮುಸ್ಲಿಮರ ಕೈಯಿಂದ ಮತ್ತೆ ಅದೇ ಮರಕ್ಕೆ ಹೋಗಿ ಸೇರುತ್ತಿದೆ.

ನಮ್ಮ ಚನ್ನಪಟ್ಟಣದಲ್ಲೂ ಆಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚುವ ಕುಶಲಕರ್ಮಿಗಳಲ್ಲಿ ಮುಸ್ಲಿಮರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಆಟಿಕೆಗಳ ಜೊತೆಗೆ ಅವರೂ ಕ್ರಿಸ್‌ಮಸ್ಸಿನ ಪುಟ್ಟ ಗಂಟೆ, ಗೊಂಬೆಗಳನ್ನು ಕಡೆದು ಕಳಿಸುತ್ತಾರೆ. ದಸರೆಯ ಬೊಂಬೆಯ ಸಾಲಿನಲ್ಲಿ ಕೂರುವುದೂ ಅವರ ಕೈಯ ಗೊಂಬೆಗಳೇ.

ಮೂರು ಕಡೆಯ ಒತ್ತಡ

ಇಂಥ ಅಲಂಕಾರದ ಮೇಲೆ ಮೂರು ಕಡೆಯಿಂದ ಒತ್ತಡ ಬಿದ್ದಿದೆ. ಮೊದಲನೆಯದು ಒಳಗಿನದು. ಇಂಗ್ಲೆಂಡಿನ ಶುದ್ಧಿವಾದಿ ಕ್ರೈಸ್ತರ ಪ್ರಾಬಲ್ಯವಿದ್ದ ಸಂಸತ್ತು 1647ರಲ್ಲಿ ಕ್ರಿಸ್‌ಮಸ್ ಹಬ್ಬವನ್ನೇ ರದ್ದು ಮಾಡಿತ್ತು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1659ರಿಂದ 1681ರವರೆಗೆ ಹಬ್ಬ ಆಚರಿಸಿದವರಿಗೆ ದಂಡ ಇತ್ತು. ಬೈಬಲ್ಲಿನಲ್ಲಿ ಹೇಳದ ಆಡಂಬರ ಬೇಡವೆಂಬುದು ಅವರ ವಾದ. ನಮ್ಮಲ್ಲೂ ತಾಬೂತು, ಪಂಜಾಗಳು ಶರೀಅತ್ತಿಗೆ ಒಪ್ಪುತ್ತವೆಯೇ ಎಂಬ ಚರ್ಚೆ ಬಹಳ ಹಳೆಯದು. ಧರ್ಮಶಾಸ್ತ್ರದ ತೀರ್ಮಾನ ಈ ಲೇಖನದ ವಿಷಯವಲ್ಲ. ಆದರೆ ಅಂಥ ಚರ್ಚೆಯಲ್ಲಿ ಗೆದ್ದವರು ಯಾರೇ ಆಗಲಿ, ಅಲಂಕಾರದ ಸುತ್ತ ಕೂಡುತ್ತಿದ್ದ ನೆರೆಹೊರೆಯವರು ಚದುರಿ ಹೋಗುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಎರಡನೆಯದು ಮಾರುಕಟ್ಟೆಯ ಒತ್ತಡ. ಪ್ಲಾಸ್ಟಿಕ್ ನಕ್ಷತ್ರ ಅಗ್ಗಕ್ಕೆ ಸಿಗುವಾಗ ಬಿದಿರು ಸೀಳುವ ತಾಳ್ಮೆ ಯಾರಿಗೂ ಇಲ್ಲ. ಇದರಿಂದ ಹೋಗುವುದು ಒಂದು ಸಂಜೆ. ಎರಡು ಮೂರು ಮನೆಗಳ ಮಕ್ಕಳು ಜಗಲಿಯ ಮೇಲೆ ಕೂತು ಅಂಟು ಬಳಿಯುವಾಗ ಯಾರ ಮನೆಯವರು ಯಾರು ಎಂಬುದು ಪರಸ್ಪರ ಗೊತ್ತಾಗುತ್ತಿತ್ತು. ಕೊಂಡು ತಂದ ನಕ್ಷತ್ರಕ್ಕೆ ಪಕ್ಕದ ಮನೆಯವರ ಕೈ ಬೇಕಾಗುವುದಿಲ್ಲ.

ಮೂರನೆಯದು ಬಲವಂತದ ಬೇಲಿ. 2021ರ ಡಿಸೆಂಬರ್‌ನಲ್ಲಿ ಪಾಂಡವಪುರದ ಶಾಲೆಯೊಂದಕ್ಕೆ ಗುಂಪೊಂದು ನುಗ್ಗಿ, ಅಲ್ಲಿ ಮಕ್ಕಳು ಕ್ರಿಸ್‌ಮಸ್ ಆಚರಿಸಿದ್ದಕ್ಕೆ ಆಕ್ಷೇಪ ಎತ್ತಿತು. ಮೂರು ತಿಂಗಳ ನಂತರ, 2022ರ ಮಾರ್ಚ್‌ನಲ್ಲಿ, ಕಾಪುವಿನ ಮಾರಿಗುಡಿಯ ಸುಗ್ಗಿ ಮಾರಿಪೂಜೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಇಡಲು ಅವಕಾಶ ಸಿಗಲಿಲ್ಲ. ಬಪ್ಪ ಬ್ಯಾರಿ ಎಂಬ ಮುಸ್ಲಿಂ ವರ್ತಕ ಕಟ್ಟಿಸಿದನೆಂಬ ಐತಿಹ್ಯವಿರುವ ಮುಲ್ಕಿಯ ಬಪ್ಪನಾಡು ದೇವಸ್ಥಾನದ ಜಾತ್ರೆಯಲ್ಲೂ ಅಂಥದೇ ಫಲಕ ಎದ್ದಿತು. ಬಳೆ, ಬಲೂನು, ಬತ್ತಾಸು, ಬಣ್ಣದ ಕಾಗದದ ಗಿರಗಿಟ್ಟಲೆ ಮಾರಿ ಹೊಟ್ಟೆ ಹೊರೆಯುವ ಜನ ಅವರು. ಜಾತ್ರೆಯಿಂದ ಜಾತ್ರೆಗೆ ಹೋಗುವುದೇ ಅವರ ವರ್ಷದ ಪಂಚಾಂಗ. ಅವರ ಅಂಗಡಿ ಎತ್ತಿಸಿದರೆ ಕಡಿಮೆಯಾಗುವುದು ಅವರ ಅನ್ನ ಮಾತ್ರವಲ್ಲ, ಜಾತ್ರೆಯ ಬಣ್ಣ ಕೂಡ.

ಏಸುವಿನ ಹುಟ್ಟಿನ ಕತೆಯಲ್ಲಿ ನಕ್ಷತ್ರ ಬರುವುದು ಮತ್ತಾಯನ ಸುವಾರ್ತೆಯಲ್ಲಿ. ಅದನ್ನು ನೋಡಿ ಬಂದವರು ಮೂಡಣ ದೇಶದ ಜೋಯಿಸರು, ಅಂದರೆ ಪರಕೀಯರು. ಕುರ್‌ಆನಿನ ಮರ್ಯಮ್ ಅಧ್ಯಾಯದಲ್ಲಿ ನಕ್ಷತ್ರವಿಲ್ಲ, ಒಂದು ಖರ್ಜೂರದ ಮರವಿದೆ. ಹೆರಿಗೆಯ ನೋವಿನಲ್ಲಿದ್ದ ಮರ್ಯಮ್‌ಗೆ ಅದರ ಹಣ್ಣೇ ಆಹಾರ. ಎರಡು ಗ್ರಂಥಗಳಲ್ಲೂ ಆ ರಾತ್ರಿಯ ಸಂಪತ್ತು ಇಷ್ಟೇ: ಹುಲ್ಲು, ಹಣ್ಣು, ಆಕಾಶದ ಬೆಳಕು. ಗೌರಸಮುದ್ರದ ರೈತ ಈರುಳ್ಳಿ ತೂರುವಾಗ, ಕಾಡುಗೊಲ್ಲರು ಮುಳ್ಳು ಒಟ್ಟುವಾಗ ಇರುವುದೂ ಇಂಥದೇ ಬಡಸಂಪತ್ತು.

ಈ ಡಿಸೆಂಬರ್‌ನಲ್ಲಿ ಓದುಗರು ತಮ್ಮ ಮನೆಯ ಮಕ್ಕಳನ್ನೂ ಪಕ್ಕದ ಮನೆಯ ಮಕ್ಕಳನ್ನೂ ಕೂರಿಸಿಕೊಂಡು ಹದಿನೈದು ಕಡ್ಡಿ, ಒಂದು ಬಟ್ಟಲು ಮೈದಾ ಅಂಟು, ನಾಲ್ಕು ಹಾಳೆ ಬಣ್ಣದ ಕಾಗದದಲ್ಲಿ ಒಂದು ನಕ್ಷತ್ರ ಮಾಡಿ ನೋಡಲಿ. ಕ್ರೈಸ್ತ ನೆರೆಯವರಿದ್ದರೆ ಅದನ್ನು ಅವರ ಬಾಗಿಲಿಗೆ ಕಟ್ಟಿ ಬರಲಿ. ಇಲ್ಲದಿದ್ದರೆ ಶಾಲೆಗೆ ಕೊಡಲಿ. ಮೊಹರಮ್ ಬಂದಾಗ, ದೀಪಾವಳಿ ಬಂದಾಗ ಉಳಿದ ಕಡ್ಡಿಗಳು ಹೇಗೂ ಕೆಲಸಕ್ಕೆ ಬರುತ್ತವೆ.